ಷಡ್ಡಕರ ಕೋಟು

ನಮ್ಮ ಕಡೆ ಗಂಡಸು ಸೂಟು ಹಾಕುವುದು ಬದುಕಿನಲ್ಲಿ ಒಂದೇ ಸಂಜೆ. ಹೆಣ್ಣಿನ ಮನೆಯವರು ಹೊಲಿಸಿಕೊಡುತ್ತಾರೆ, ನಾವು ಅದರೊಳಗೆ ಬೆವರುತ್ತ ನಿಂತು ಫೋಟೋ ತೆಗೆಸಿಕೊಳ್ಳುತ್ತೇವೆ, ಮಾರನೆಯ ದಿನ ಅದು ನುಸಿಗುಳಿಗೆಯ ಜೊತೆ ಬೀರು ಸೇರುತ್ತದೆ. ಆಮೇಲೆ ಅದನ್ನು ಹಾಕುವುದೂ ಇಲ್ಲ, ಯಾರಿಗಾದರೂ ಕೊಡುವುದೂ ಇಲ್ಲ. ಶ್ರೀರಂಗಪಟ್ಟಣದ ನಮ್ಮ ಮನೆಯ ಬೀರುವಿನಲ್ಲಿ ನನ್ನ ಸೂಟು ಹೀಗೆ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಸುಖವಾಗಿತ್ತು.

ಅದನ್ನು ಎಬ್ಬಿಸಿದವರು ನನ್ನ ಹೆಂಡತಿ ಜಯ ಮತ್ತು ಅವಳ ತಂಗಿ ಸರೋಜ. ಮುಂಬೈಯಿಂದ ಗೋವಾಕ್ಕೆ ಹೋಗಿಬರುವ ಪ್ರವಾಸದ ಹಡಗಿಗೆ ಇಬ್ಬರೂ ಸೇರಿ ನಾಲ್ವರಿಗೆ ಟಿಕೆಟ್ ಮಾಡಿಸಿದರು. ಗಂಡಂದಿರಿಗೆ ಆಮೇಲೆ ತಿಳಿಸಿದರು. ಹಡಗಿನಲ್ಲಿ ಒಂದು ರಾತ್ರಿಯ ಊಟಕ್ಕೆ ಗಂಡಸರು ಕೋಟು ಹಾಕಿಯೇ ಬರಬೇಕಂತೆ. ಹರಿಗೋಲು ಹತ್ತುವಾಗ ಪಂಚೆಯನ್ನು ಮೊಣಕಾಲಿಗೆ ಎತ್ತಿಕಟ್ಟುವ ಊರಿನವನು ನಾನು. ನೀರಿನ ಮೇಲೆ ಹೋಗಲು ಕೋಟು ಯಾಕೆಂದು ಕೇಳಿದೆ. ಜಯ ಬೀರುವಿನ ಬೀಗದ ಕೈ ಹುಡುಕತೊಡಗಿದಳು.

ಸರೋಜಳ ಗಂಡ ನಿಂಗರಾಜು ಕ್ಯಾತನಹಳ್ಳಿಯಲ್ಲಿ ಕಬ್ಬು ಬೆಳೆಯುವವನು. ಶೀಳನೆರೆಯ ನಮ್ಮ ಮಾವ ಒಂದೇ ಚಪ್ಪರದಲ್ಲಿ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿ, ಇಬ್ಬರು ಅಳಿಯಂದಿರಿಗೂ ನೀಲಿ ಸೂಟು ಹೊಲಿಸಿದ್ದರು. ನಾನು ಆಗ ಕೆ.ಆರ್. ಪೇಟೆಯ ಸರ್ಕಾರಿ ಕಾಲೇಜಿಗೆ ಹೊಸದಾಗಿ ಸೇರಿದ ಇತಿಹಾಸದ ಮೇಷ್ಟ್ರು, ಹೋಟೆಲ್ ಊಟದಲ್ಲಿ ದುಂಡಗಾಗಿದ್ದೆ. ನಿಂಗರಾಜು ಗದ್ದೆ ಕೆಲಸದಲ್ಲಿ ಕಡ್ಡಿಯಂತಿದ್ದ. ಈಗ ಸಕ್ಕರೆ ಕಾಯಿಲೆ ನನ್ನನ್ನು ಒಣಗಿಸಿದೆ, ಟ್ರಾಕ್ಟರು ಅವನನ್ನು ಹಿಗ್ಗಿಸಿದೆ. ನಾವಿಬ್ಬರೂ ಎಂದೂ ಜಗಳವಾಡಿದವರಲ್ಲ, ಹತ್ತಿರದವರೂ ಅಲ್ಲ. ಹಬ್ಬಕ್ಕೆ ಮಾವನ ಮನೆಯಲ್ಲಿ ಸೇರಿದರೆ ನಾನು ಪಡಸಾಲೆಯಲ್ಲಿ, ಅವನು ಕೊಟ್ಟಿಗೆಯ ಕಡೆ. ಅವನಿಗೆ ದನಗಳ ಮೇಲೆ ಪ್ರೀತಿ ಎಂದುಕೊಂಡಿದ್ದೆ.

ಎರಡು ಸೂಟುಗಳನ್ನೂ ಸರೋಜ ಪಾಂಡವಪುರದ ಟೈಲರ್ ಮಹದೇವುವಿಗೆ ಕೊಟ್ಟಳು. ನಾವಿಬ್ಬರೂ ಹೋಗಿ ಅಳತೆ ಕೊಟ್ಟೆವು. ಟೇಪು ಸೊಂಟ ಸುತ್ತಿದ ಕೂಡಲೇ ನಿಂಗರಾಜು ಉಸಿರು ಒಳಗೆಳೆದುಕೊಂಡ; ಎದೆಗೆ ಬಂದಾಗ ನಾನು ಉಬ್ಬಿಸಿದೆ. ಡಾಕ್ಟರ ಮುಂದೆ ನಿಜ ಹೇಳುವ ವಯಸ್ಸಾದ ಮೇಲೂ ಮನುಷ್ಯ ಟೈಲರಿಗೆ ಸುಳ್ಳು ಹೇಳುತ್ತಾನೆ.

ಹೊರಡುವ ಹಿಂದಿನ ದಿನ ಬಟ್ಟೆ ತರಲು ಹೋದೆವು. ಮಹದೇವು ಕೊಟ್ಟ ಕೋಟು ನನಗೆ ಹೇಳಿ ಮಾಡಿಸಿದಂತೆ ಕೂತಿತು. ಕನ್ನಡಿ ನೋಡಿಕೊಂಡರೆ ಗುಂಡಿಗಳು ಬೇರೆ. ಅದು ನಿಂಗರಾಜುವಿನದು, ಅವನು ತೊಟ್ಟು ನಿಂತದ್ದು ನನ್ನದು. ದೊಡ್ಡ ಸೂಟು ದಪ್ಪಗಿರುವವರದು, ಚಿಕ್ಕದು ಸಣ್ಣಗಿರುವವರದು ಎಂದು ಮಹದೇವು ತಿಳಿದು, ಅಲ್ಲಲ್ಲಿ ಹೊಲಿಗೆ ಬಿಚ್ಚಿ, ತೋಳಿನ ಉದ್ದ ಕತ್ತರಿಸಿ ಮುಗಿಸಿದ್ದ. ವಿಷಯ ತಿಳಿದಾಗ ಬೆಪ್ಪಾದ. ಕತ್ತರಿಸಿದ್ದನ್ನು ಹೇಗೆ ಸರಿಪಡಿಸುವುದೋ ಅವನಿಗೂ ಗೊತ್ತಿರಲಿಲ್ಲ. ನಾನು ನಕ್ಕು, ಹೀಗೇ ಇರಲಿ ಎಂದೆ.

ನಿಂಗರಾಜು ನಗಲಿಲ್ಲ. ಕೋಟು ಬಿಚ್ಚಿ, ಮಡಿಸಿ, ನನ್ನ ಮುಂದೆ ಹಿಡಿದ.

"ಇದು ನಂಗೆ ಬ್ಯಾಡ ಅಣ್ಣ. ಮಾವ ನಿಮಗೇಂತ ತಂದಿದ್ ಉಣ್ಣೆ ಬಟ್ಟೆ."

"ಎರಡೂ ಒಂದೇ ಅಲ್ವೇನಯ್ಯ?"

"ಅಲ್ಲ. ಮದ್ವೆ ದಿನ ನಿಮ್ ಪಕ್ಕದಲ್ಲಿ ನಿಂತಿದ್ದಾಗ ತೋಳು ತಗುಲ್ತು. ಆಗ್ಲೇ ಗೊತ್ತಾಯ್ತು."

ಎರಡನ್ನೂ ಮುಟ್ಟಿ ನೋಡಿದೆ. ನನ್ನ ಮೈಮೇಲಿದ್ದದ್ದು ತೆಳ್ಳನೆಯ ಟೆರಿಕಾಟು. ರಾಜರು ಸರದಾರರಿಗೆ ನಿಲುವಂಗಿ ಉಡುಗೊರೆ ಕೊಡುತ್ತಿದ್ದರು, ಬಟ್ಟೆ ನೋಡಿಯೇ ಆಸ್ಥಾನದಲ್ಲಿ ಯಾರು ಎಲ್ಲಿ ನಿಲ್ಲಬೇಕೆಂದು ತಿಳಿಯುತ್ತಿತ್ತು ಎಂದು ವರ್ಷ ವರ್ಷವೂ ಪಾಠ ಮಾಡಿದವನು ನಾನು. ಅದೇ ಏರ್ಪಾಟು ನನ್ನ ಮದುವೆಯ ಚಪ್ಪರದಲ್ಲೇ ಆಗಿತ್ತು. ಸಂಬಳದ ಅಳಿಯನಿಗೊಂದು, ಬೇಸಾಯದ ಅಳಿಯನಿಗೊಂದು. ಮಾವ ಹಾಸಿಗೆ ಹಿಡಿದಾಗ ಕ್ಯಾತನಹಳ್ಳಿಗೆ ಕರೆದೊಯ್ದು, ಎತ್ತಿ ಕೂರಿಸಿ ಸ್ನಾನ ಮಾಡಿಸಿದವನು ನಿಂಗರಾಜು. ನಾನು ಭಾನುವಾರ ಕಿತ್ತಳೆ ಹಣ್ಣು ತೆಗೆದುಕೊಂಡು ಹೋಗಿ ನೋಡಿಬರುತ್ತಿದ್ದೆ. ಆಗಲೂ ಅವನು ಇದನ್ನು ಬಾಯಿಬಿಟ್ಟು ಹೇಳಿರಲಿಲ್ಲ.

ಸಮಾಧಾನ ಹೇಳುವ ಬದಲು ನನಗೆ ಹೊಳೆದದ್ದು ಹಟ. "ನನಗದು ಈಗ ಜೋಳಿಗೆ ಆಗುತ್ತೆ. ನೀನು ಹಾಕ್ಕೊಳ್ಳದಿದ್ರೆ ನಾನೂ ಬರಲ್ಲ. ಅಕ್ಕತಂಗಿ ಇಬ್ರೇ ಹೋಗಿ ಬರಲಿ" ಎಂದೆ. ನಿಂಗರಾಜು ಮಡಿಕೆ ಬಿಡಿಸಿ, ಒಂದೊಂದೇ ತೋಳು ತೂರಿಸಿಕೊಂಡ. ಮಹದೇವು ಹಿಂದಿನಿಂದ ಭುಜದ ಸುಕ್ಕು ಎಳೆದು ಸರಿಮಾಡಿದ.

ಹಡಗಿನ ಊಟದ ಹಾಲ್‌ನಲ್ಲಿ ಎ.ಸಿ.ಯ ಚಳಿ ಹೇಳತೀರದು. ಜಯ, ಸರೋಜ ಇಬ್ಬರೂ ಸೆರಗು ಹೊದ್ದು ಕೂತು ಉಂಡರು. ಮುಗಿದದ್ದೇ ತಡ, ಸಮುದ್ರದ ಬೆಚ್ಚನೆಯ ಗಾಳಿ ಬೇಕೆಂದು ಹೊರಗೆ ಹೋದರು. ನಾನು ಮೇಜಿನ ಕೆಳಗೆ ಅಂಗೈ ಉಜ್ಜಿಕೊಳ್ಳುತ್ತ, ನಾವೂ ಏಳೋಣವೇ ಎಂದು ಕೇಳಿದೆ. ನಿಂಗರಾಜು ಕೋಟಿನ ಎಲ್ಲ ಗುಂಡಿಯನ್ನೂ ಹಾಕಿಕೊಂಡು, ಕಾಲು ಚಾಚಿ, ಐಸ್‌ಕ್ರೀಮ್ ತಿನ್ನುತ್ತಿದ್ದ.

"ಇನ್ನೊಸಿ ಕೂತ್ಕಳವಾ ಅಣ್ಣ. ಇದ್ರಲ್ಲಿ ಚಳಿನೇ ಗೊತ್ತಾಯ್ತಿಲ್ಲ."

ಹಲ್ಲು ಕಟಕಟ ಎನ್ನದಂತೆ ನಾನು ಬಾಯಿ ಮುಚ್ಚಿಕೊಂಡು ಕೂತೆ. ಅವನು ಇನ್ನೊಂದು ಐಸ್‌ಕ್ರೀಮ್ ತರಿಸಿದ.