ಗದ್ದಕ್ಕೆ ಬಡಿದ ಗುಂಡು

ನಾಗರಪಂಚಮಿ ಹತ್ತಿರ ಬಂದಿತ್ತು. ಜೋಕಾಲಿಗೆ ಹಗ್ಗ ಬೇಕೆಂದು ಹುಬ್ಬಳ್ಳಿಯ ಪೇಟೆಗೆ ಹೋದೆ. ಅಂಗಡಿಯವರು ತೆಂಗಿನ ನಾರಿನ ಹೊಸ ಹಗ್ಗದ ಸುರುಳಿಯನ್ನು ನನ್ನ ಮುಂದೆ ಬಿಚ್ಚಿದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹಗ್ಗ ಕೊಳ್ಳದೆ ಹೊರಗೆ ಬಂದುಬಿಟ್ಟೆ. ನಿಮಗೂ ಹೀಗಾಗಿರಬಹುದು. ನಾವು ಮರೆತೆವೆಂದುಕೊಂಡದ್ದನ್ನು ಮೂಗು ಮರೆತಿರುವುದಿಲ್ಲ.

ನಾನು ಹುಟ್ಟಾ ಚಡಪಡಿಕೆಯವಳು. ಪೂಜೆಗೆ ಕೂತರೆ ಮಂಗಳಾರತಿಗೆ ಮೊದಲೇ ಏಳುತ್ತೇನೆ. ಹಾಲು ಕಾಯಲಿಟ್ಟರೆ ಮೂರು ಸಲ ಮುಚ್ಚಳ ತೆಗೆದು ನೋಡುತ್ತೇನೆ. ಉಕ್ಕುವ ಹೊತ್ತಿಗೆ ಮಾತ್ರ ಬೇರೆಲ್ಲೋ ಇರುತ್ತೇನೆ. "ಇಕಿ ಕೈಗೆ ಒಂದು ಕೆಲಸಾ ಕೊಡ್ರಿ, ಇಲ್ಲಾಂದ್ರ ಅದು ತಾನ ಹುಡುಕ್ಕೋತೈತಿ" ಎಂದು ಅವ್ವ ಮನೆಗೆ ಬಂದವರಿಗೆಲ್ಲ ಹೇಳುತ್ತಿದ್ದಳು. ಧಾರವಾಡದ ಸಾಲೆಯಲ್ಲಿ, ನಾನು ಒಂಬತ್ತನೇ ಇಯತ್ತೆಯಲ್ಲಿದ್ದಾಗ, ನನ್ನ ಕೈ ಒಂದು ಕೆಲಸ ಹುಡುಕಿಕೊಂಡೇಬಿಟ್ಟಿತು.

ನಮಗೆ ವಿಜ್ಞಾನ ಕಲಿಸುತ್ತಿದ್ದವರು ಕುಲಕರ್ಣಿ ಅಕ್ಕೋರು. ಆಗ ಅವರಿಗೆ ಮೂವತ್ತರ ಆಸುಪಾಸು. ಪುಸ್ತಕದಲ್ಲಿದ್ದುದನ್ನು ಕಣ್ಣಿಗೆ ಕಾಣಿಸದೆ ಬಿಡುವವರಲ್ಲ. ಶಕ್ತಿಯ ಪಾಠ ಬಂದಾಗ, ಬೆಂಗೇರಿಯಲ್ಲಿ ತಮ್ಮ ಮನೆಯ ಪಕ್ಕ ಗ್ಯಾರೇಜು ಇಟ್ಟಿದ್ದ ಇಮಾಮ್ ಕಾಕಾ ಎಂಬವರಿಂದ ಒಂದು ಕಬ್ಬಿಣದ ಗುಂಡಿಗೆ ಕೊಂಡಿ ಹಾಕಿಸಿ, ಚೀಲದಲ್ಲಿ ಹೊತ್ತು ತಂದರು. ಅದನ್ನು ನಾರಿನ ಹಗ್ಗದಿಂದ ವರ್ಗದ ತೊಲೆಗೆ ಕಟ್ಟಿ ತೂಗುಬಿಟ್ಟರು. ತಾವು ಗೋಡೆಗೆ ಬೆನ್ನು ಹಚ್ಚಿ ನಿಂತು, ಗುಂಡನ್ನು ತಮ್ಮ ಗದ್ದದವರೆಗೆ ಎತ್ತಿ ಹಿಡಿದರು.

"ಇಷ್ಟು ಎತ್ತರಕ್ಕ ಎತ್ತೀನಲ್ಲಾ, ನನ್ನ ಕೈಯಾಗಿನ ಶಕ್ತಿ ಈಗ ಇದರಾಗ ಕೂತದ" ಎಂದರು. "ಬಿಟ್ಟ ಕೂಡ್ಲೇ ಅದು ಓಟ ಆಗ್ತದ. ಆ ಕಡೆ ಹೋಗಿ ಮತ್ತ ಎತ್ತರ ಆಗ್ತದ. ಹೊಸಾದು ಹುಟ್ಟೂದಿಲ್ಲ, ಇದ್ದದ್ದು ಸಾಯೂದಿಲ್ಲ. ಗಾಳಿ, ಹಗ್ಗ ಒಂದೀಟು ಇಸ್ಕೋತಾವ, ಅಷ್ಟ. ಅಂದ್ಮ್ಯಾಲೆ ತಿರುಗಿ ಬಂದಾಗ ನನ್ನ ಗದ್ದಕ್ಕ ಬಡೀತದೇನು?"

"ಇಲ್ಲರೀ" ಎಂದೆವು, ಅರೆನಂಬಿಕೆಯಿಂದ.

"ಕಣ್ಣು ಮುಚ್ಚಿ ನಿಂದರ್ತೀನಿ, ನೋಡ್ರಿ" ಎಂದು ಗುಂಡನ್ನು ಬಿಟ್ಟರು.

ಎದುರು ತುದಿಯಲ್ಲಿ ನಿಂತವಳು ನಾನು. ಗುಂಡು ಸುಯ್ಯೆಂದು ನನ್ನ ಕಡೆ ಬಂತು, ಏರಿತು, ಒಂದು ಚಣ ಗಾಳಿಯಲ್ಲಿ ನಿಂತಿತು. ಆ ಚಣವನ್ನು ನಾನು ಸುಮ್ಮನೆ ಬಿಡಬೇಕಿತ್ತು. ಅಂಗೈ ತಾನೇ ಮುಂದೆ ಹೋಗಿ ಗುಂಡನ್ನು ನೂಕಿತು. ದ್ವೇಷವಿರಲಿಲ್ಲ, ಕಿಡಿಗೇಡಿತನವೂ ಇರಲಿಲ್ಲ. ನಿಂತದ್ದನ್ನು ನೋಡಲಾಗದ ಕೈ, ಅಷ್ಟೆ. ಗೆಳತಿಯರೆಲ್ಲ ಅಕ್ಕೋರ ಮುಖವನ್ನೇ ನೋಡುತ್ತಿದ್ದರು. ಯಾರೂ ನನ್ನನ್ನು ಕಾಣಲಿಲ್ಲ.

ಹಲ್ಲು ಮುರಿದ ಸದ್ದು ನನಗೆ ಕೇಳಿಸಿತು. ಅಕ್ಕೋರು ಸೆರಗಿನಿಂದ ಬಾಯಿ ಒತ್ತಿಕೊಂಡು ಕುರ್ಚಿಯಲ್ಲಿ ಕುಸಿದರು. ಹುಡುಗಿಯರು ಅಳತೊಡಗಿದರು. ಅಂಥದ್ದರಲ್ಲೂ ಅವರು ಹೇಳಿದ್ದು ಇಷ್ಟು: "ನಿಯಮದ್ದು ತಪ್ಪಿಲ್ಲ. ನಾನ ಮುಂದ ಬಾಗಿರಬೇಕು."

ಅಂದಿನಿಂದ ಸಾಲೆಯಲ್ಲಿ ಅವರಿಗೆ 'ಬಾಗಿದ ಅಕ್ಕೋರು' ಎಂಬ ಹೆಸರು ಬಿತ್ತು. ಆ ಹೆಸರು ಹಿಡಿದು ಎಲ್ಲರೂ ನಕ್ಕಾಗ ನಾನೂ ನಕ್ಕಿದ್ದೇನೆ. ಹೇಳಬೇಕೆಂದು ಎರಡು ಸಲ ಅವರ ಕೋಣೆಯ ಬಾಗಿಲವರೆಗೆ ಹೋಗಿ ಬಂದಿದ್ದೇನೆ. ಆಮೇಲೆ ಪರೀಕ್ಷೆ, ಕಾಲೇಜು, ಮದುವೆ, ಸಂಸಾರ. ಸದಾ ಓಡಾಡುತ್ತಲೇ ಇರುವವರಿಗೆ ಒಂದು ಅನುಕೂಲವಿದೆ: ಯಾವ ಬಾಗಿಲಿನಲ್ಲೂ ಬಹಳ ಹೊತ್ತು ನಿಲ್ಲಬೇಕಾಗುವುದಿಲ್ಲ.

ಪೇಟೆಯಿಂದ ಬರಿಗೈಲಿ ಬಂದವಳಿಗೆ ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಅವರಿವರನ್ನು ಕೇಳಿ ಅಕ್ಕೋರ ವಿಳಾಸ ಹಿಡಿದು ಧಾರವಾಡದ ಕೆಲಗೇರಿಗೆ ಹೋದೆ. ಅಕ್ಕೋರು ಪಡಸಾಲೆಯಲ್ಲಿ ಮೆಂತ್ಯಪಲ್ಯೆಯ ಎಲೆ ಬಿಡಿಸಿ ಸೋಸುತ್ತಿದ್ದರು. ಕೂದಲು ಪೂರಾ ಬೆಳ್ಳಗಾಗಿತ್ತು. ಕೆಳತುಟಿಯ ಮೇಲೆ ಸಣ್ಣ ಗಾಯದ ಗೆರೆ ಹಾಗೇ ಇತ್ತು. ಹೆಸರು ಹೇಳಿದೊಡನೆ ಗುರುತು ಹಿಡಿದರು. "ಬಾ ಬಾ, ಕೂಡು" ಎಂದರು. ನಾನು ಕೂಡಲಿಲ್ಲ.

"ಅಕ್ಕೋರ, ಆವತ್ತು ಗುಂಡು ನಾನು ನೂಕಿದ್ದೆರಿ. ನೀವು ಬಾಗಿರಲಿಲ್ಲರಿ."

ಅವರ ಕೈಯಲ್ಲಿದ್ದ ಸೊಪ್ಪಿನ ಕಡ್ಡಿ ಹಾಗೇ ನಿಂತಿತು. ಬೈಗಳಿಗೆ ನಾನು ಸಿದ್ಧಳಾಗಿದ್ದೆ. ಕ್ಷಮಿಸಿಬಿಟ್ಟರೆ ಅಳುವುದಕ್ಕೂ ಸಿದ್ಧಳಾಗಿದ್ದೆ. ಅವರು ಎರಡನ್ನೂ ಮಾಡಲಿಲ್ಲ. ಮೆಲ್ಲಗೆ ಎದ್ದು, ಗೋಡೆಗೆ ಹಿಮ್ಮಡಿ ಹಚ್ಚಿ, ಬೆನ್ನು ಹಚ್ಚಿ, ತಲೆ ಹಚ್ಚಿ ನಿಂತರು. ಕಣ್ಣು ಮುಚ್ಚಿದರು.

"ಹಿಂಗ ನಿಂತಿದ್ದೆ. ಹೌದಿಲ್ಲೋ?"

"ಹೌದರಿ. ಹಂಗ ನಿಂತಿದ್ರಿ."

"ಅಲ್ಲಾಡಿರಲಿಲ್ಲ?"

"ಇಲ್ಲರಿ. ಒಂದೀಟೂ ಇಲ್ಲರಿ."

ಕಣ್ಣು ತೆರೆದಾಗ ಅವರ ಮುಖದಲ್ಲಿ ಒಂದು ಗೆಲುವಿತ್ತು. ಅದು ಹೆಚ್ಚು ಹೊತ್ತು ಉಳಿಯಲಿಲ್ಲ. "ಅವತ್ತಿನಿಂದ ನನ್ನ ಮ್ಯಾಲೆ ನನಗ ಭರೋಸಾ ಹೋತು. ಆ ಗುಂಡು ಮತ್ತ ಕಟ್ಟಲೇ ಇಲ್ಲ ನೋಡು. ರಿಟಾಯರ್ ಆಗೂತನಕ ಹಲಗಿ ಮ್ಯಾಲೆ ಬರದು ಕಲಿಸಿದೆ. ಎಷ್ಟು ಹುಡುಗ್ಯಾರು ಬರೇ ಬಾಯಿಪಾಠ ಮಾಡಿ ಹೋದ್ರು. ನನ್ನ ಹಲ್ಲಿಂದು ಬಿಡು. ಅವರಿಗೆ ಏನ್ ಹೇಳ್ತಿ?"

ಆಗಿನ ಗೆಳತಿಯರಿಗಾದರೂ ಹೇಳುತ್ತೇನೆ ಎಂದೆ. ನಮ್ಮ ವರ್ಗದವರದೊಂದು ಗುಂಪು ಮೊಬೈಲಿನಲ್ಲಿದೆ. ಅಲ್ಲೇ ನಿಂತು ನಡೆದದ್ದನ್ನೆಲ್ಲ ಬರೆದೆ. ಅಕ್ಕೋರು ಮೂಗಿನ ಮೇಲೆ ಚಾಳೀಸು ಏರಿಸಿಕೊಂಡು, ಹಿಂದೆ ನಮ್ಮ ಉತ್ತರಪತ್ರಿಕೆ ನೋಡುತ್ತಿದ್ದ ಹಾಗೆಯೇ, ಸಾಲಿನ ಮೇಲೆ ಬೆರಳಾಡಿಸುತ್ತ ಓದಿದರು. ಒಂದು ಕಡೆ ಬೆರಳು ನಿಂತಿತು.

"'ಹಗೂರಕ ನೂಕಿದೆ' ಅಂತ ಯಾಕ ಬರದಿ? ಎಷ್ಟು ನೂಕಿದ್ದಿ ಅನ್ನೂದು ನನ್ನ ಹಲ್ಲಿಗೆ ಗೊತ್ತದ."

'ಹಗೂರಕ' ಎಂಬುದನ್ನು ಅಳಿಸಿದೆ. ಅವರು ಇನ್ನೊಮ್ಮೆ ಮೊದಲಿನಿಂದ ಓದಿ ತಲೆಯಾಡಿಸಿದ ಮೇಲೆ ಕಳುಹಿಸಿದೆ.