ಮಾತ್ರೆ ನಿಲ್ಲಿಸಿದ ತಿಂಗಳುಗಳು

ಕೊಪ್ಪದ ಬಸ್ ಸ್ಟ್ಯಾಂಡಿನಿಂದ ಸ್ವಲ್ಪ ಮೇಲೆ ಹೋದರೆ ಭವ್ಯಳ ಟೈಲರಿಂಗ್ ಅಂಗಡಿ. ರವಿಕೆ ಹೊಲಿಯುವುದರಲ್ಲಿ ಅವಳದು ಒಳ್ಳೆಯ ಹೆಸರು; ಶೃಂಗೇರಿ ಕಡೆಯವರೂ ಮದುವೆ ಬಟ್ಟೆ ಹಿಡಿದುಕೊಂಡು ಬರುತ್ತಾರೆ. ಆದರೆ ತಿಂಗಳಲ್ಲಿ ಕೆಲವು ದಿನ ಅಂಗಡಿಯ ಶಟರ್ ಅರ್ಧ ಇಳಿದಿರುತ್ತಿತ್ತು. ಒಳಗೆ, ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ, ಚೂರುಬಟ್ಟೆಯ ಗಂಟಿಗೆ ತಲೆಯಿಟ್ಟು, ಮೊಣಕಾಲನ್ನು ಹೊಟ್ಟೆಗೆ ಒತ್ತಿಕೊಂಡು ಅವಳು ಮಲಗಿರುತ್ತಿದ್ದಳು. ಬಂದವರು ಊಟಕ್ಕೆ ಹೋಗಿರಬೇಕು ಎಂದುಕೊಂಡು ಹಿಂದಿರುಗುತ್ತಿದ್ದರು.

ಈ ನೋವು ಶುರುವಾದದ್ದು ಹಿರೇಕೊಡಿಗೆಯ ತವರಿನಲ್ಲಿ, ಹೈಸ್ಕೂಲಿಗೆ ಹೋಗುವಾಗ. ಮುಟ್ಟಾದರೆ ವಾಂತಿ, ಕಣ್ಣಿಗೆ ಕತ್ತಲೆ. ಎಲ್ಲರಿಗೂ ಆಗುವುದೇ, ನಿನಗೊಬ್ಬಳಿಗೇನು ಎಂದು ತಾಯಿ ಜೀರಿಗೆ ಕಷಾಯ ಕೊಡುತ್ತಿದ್ದಳು. ಮದುವೆಯಾದ ಮೇಲೆ ಸರಿಹೋಗುತ್ತದೆ ಎಂದರು. ಮದುವೆಯಾಯಿತು. ಒಂದು ಮಗುವಾದರೆ ಸರಿಹೋಗುತ್ತದೆ ಎಂದರು. ಮಗುವಾಗಲಿಲ್ಲ.

ಗಂಡ ಧರ್ಮೇಶ್ ಹರಿಹರಪುರದ ಹತ್ತಿರದವನು. ಗದ್ದೆಯ ಜೊತೆಗೆ ವೈರಿಂಗು, ಪಂಪ್ ರಿಪೇರಿ. ಮಾತು ಕಡಿಮೆ. ಒಮ್ಮೆ ಅಂಗಡಿಗೆ ಬಂದವನು, ಅವಳು ಹೊಲಿಗೆ ಮಿಷನ್ ತುಳಿಯಲಾರದೆ ಕೂತಿದ್ದನ್ನು ಕಂಡ. ಏನೂ ಕೇಳದೆ ಹೋಗಿ, ಸಂಜೆಯೊಳಗೆ ಒಂದು ಮೋಟಾರು ತಂದು ಜೋಡಿಸಿಕೊಟ್ಟ. ಕೈಯಿಂದ ಆಗುವ ಕೆಲಸವಾದರೆ ಅವನು ಹೀಗೆ ಮಾಡಿ ಮುಗಿಸಿಬಿಡುತ್ತಾನೆ. ಕೈಗೆ ಸಿಗದ್ದರ ಮುಂದೆ ಸುಮ್ಮನಾಗುತ್ತಾನೆ.

ಕಾಯಿಲೆಯ ಹೆಸರು ಗೊತ್ತಾದದ್ದು ಶಿವಮೊಗ್ಗದಲ್ಲಿ. ಅಲ್ಲಿಯ ಲೇಡಿ ಡಾಕ್ಟರು ಸ್ಕ್ಯಾನಿಂಗ್ ನೋಡಿ ಎಂಡೊಮೆಟ್ರಿಯೋಸಿಸ್ ಎಂದರು. ಗರ್ಭಕೋಶದ ಒಳಗಿರಬೇಕಾದಂಥ ಪದರ ಹೊರಗೆ, ಅಂಡಾಶಯದ ಮೇಲೆ, ಕರುಳಿನ ಹತ್ತಿರ ಬೆಳೆದಿದೆ. ತಿಂಗಳು ತಿಂಗಳೂ ಅಲ್ಲಿಯೂ ರಕ್ತ ಒಸರುತ್ತದೆ, ಹೊರಗೆ ಹೋಗಲು ದಾರಿಯಿಲ್ಲದೆ ಒಳಗೇ ಅಂಟು ಕಟ್ಟುತ್ತದೆ ಎಂದು ವಿವರಿಸಿದರು. ಎಲ್ಲ ಕೇಳಿಸಿಕೊಂಡು ಭವ್ಯ ಕೇಳಿದ್ದು ಇಷ್ಟೇ.

"ಹಂಗಾರೆ ನಂದು ನಾಟಕ ಅಲ್ಲ, ಅಲ್ವಾ ಡಾಕ್ಟ್ರೆ?"

"ನಾಟಕ ಅಂತ ಯಾರಂದ್ರಮ್ಮಾ?"

ಯಾರೂ ಬಾಯಿಬಿಟ್ಟು ಅಂದಿರಲಿಲ್ಲ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಪಕ್ಕದಲ್ಲಿದ್ದ ಧರ್ಮೇಶ್ ಗೋಡೆಯ ಕಡೆ ನೋಡುತ್ತಿದ್ದ.

ಆಪರೇಶನ್ ಆಯಿತು; ಮನೆಯವರಿಗೆ ಹೊಟ್ಟೆಯ ಗಡ್ಡೆ ಎಂದಷ್ಟೇ ಹೇಳಿದ್ದರು. ಸ್ವಲ್ಪ ಕಾಲ ಹಗುರವಾಗಿತ್ತು, ಆಮೇಲೆ ಮತ್ತೆ ಬಂತು. ನೋವು ತಡೆಯುವ ಹಾರ್ಮೋನ್ ಮಾತ್ರೆಯಿದೆ, ಆದರೆ ಅದನ್ನು ನುಂಗುತ್ತಿರುವಷ್ಟು ಕಾಲ ಬಸಿರಾಗುವುದಿಲ್ಲ ಎಂದರು ಡಾಕ್ಟರು. ಮಗು ಬೇಕಾದರೆ ಮಾತ್ರೆ ನಿಲ್ಲಿಸಬೇಕು, ನಿಲ್ಲಿಸಿದರೆ ನೋವು. ಭವ್ಯ ಕೆಲವು ದಿನ ನುಂಗಿ ನಿಲ್ಲಿಸಿದಳು. ಪ್ರತಿ ತಿಂಗಳೂ ನೋವು ಬಂತೆಂದರೆ ಈ ಸಲವೂ ಇಲ್ಲ ಎಂದು ಅರ್ಥ. ನೋವು, ನಿರಾಸೆ ಎರಡೂ ಒಟ್ಟಿಗೇ ಬಂದು ಕೂರುತ್ತಿದ್ದವು. ಮಂಗಳೂರಿಗೆ ಹೋಗಿ ಐವಿಎಫ್ ಮಾಡಿಸಿದರು; ಬಸಿರು ನಿಲ್ಲಲಿಲ್ಲ.

ಆ ವರ್ಷ ನರಸಿಂಹರಾಜಪುರದ ನೆಂಟರ ಮನೆಯಲ್ಲಿ ನಾಮಕರಣ. ಊಟಕ್ಕೆ ಕೂತಾಗ ಧರ್ಮೇಶನ ಸೋದರತ್ತೆ, ಇವಳಿಗೆ ಸರಿಯಾಗಿ ಔಷಧಿ ಮಾಡಿಸಿದಿರಾ ಎಂದು ಎಲ್ಲರೆದುರು ಕೇಳಿದಳು. ಧರ್ಮೇಶ್ ಎಲೆಯಿಂದ ತಲೆಯೆತ್ತದೆ, "ತೊಂದ್ರೆ ಇರೋದು ನನ್ನಲ್ಲಿ. ಅವ್ಳನ್ನ ಎಂತದೂ ಕೇಳ್ಬೇಡಿ," ಎಂದ.

ಆಮೇಲೆ ಯಾರೂ ಅವಳನ್ನು ಕೇಳಲಿಲ್ಲ. ಇಂಥ ಗಂಡ ಯಾರಿಗುಂಟು ಎಂದು ಭವ್ಯಳಿಗೂ ಅನಿಸಿತು. ಆದರೆ ಮನೆಗೆ ಬಂದ ಮೇಲೆ ಅತ್ತೆ ವೆಂಕಮ್ಮ ಬದಲಾದಳು. ಮೊದಲು ಮುಖ ಗಂಟಿಕ್ಕುತ್ತಿದ್ದವಳು ಈಗ ಸೊಸೆಯ ತಲೆ ಸವರಿ, ನನ್ನ ಮಗನಿಗೋಸ್ಕರ ಎಷ್ಟು ಸಹಿಸಿಕೊಂಡೆ ಎನ್ನುತ್ತಿದ್ದಳು. ನೋವಿಗೆ ಭವ್ಯ ಮುದುರಿ ಮಲಗಿದರೆ, ಕೊರಗಬೇಡ, ಮನಸ್ಸು ಗಟ್ಟಿ ಮಾಡಿಕೋ ಎಂದು ಸಮಾಧಾನ ಹೇಳುತ್ತಿದ್ದಳು. ಆ ಮನೆಯಲ್ಲಿ ಅವಳ ದುಃಖಕ್ಕೆ ಜಾಗವಾಗಿತ್ತು. ಕಾಯಿಲೆಗೆ ಮಾತ್ರ ಇಲ್ಲ.

ಒಂದು ಭಾನುವಾರ ಹಿತ್ತಲ ಕಟ್ಟೆಯಲ್ಲಿ ಅತ್ತೆಯ ಜೊತೆ ಸೊಪ್ಪು ಸೋಸುತ್ತಾ ಕೂತಾಗ ಭವ್ಯ ಇದ್ದದ್ದನ್ನು ಹೇಳಿಬಿಟ್ಟಳು. ತೊಂದರೆ ಅವರದಲ್ಲ, ನನ್ನದು, ಹೈಸ್ಕೂಲಿನಿಂದಲೂ ಇದೆ, ಇನ್ನು ತಡೆಯಲಾಗುವುದಿಲ್ಲ, ಮಾತ್ರೆ ಮತ್ತೆ ಶುರು ಮಾಡುತ್ತೇನೆ.

ವೆಂಕಮ್ಮನ ಕೈ ನಿಂತಿತು.

"ಮಾತ್ರೆ ತಗಂಡ್ರೆ ಮಕ್ಳಾಗಲ್ಲ ಅಂತ ಗೊತ್ತಿದ್ದೂ ತಗತೀಯ?"

"ಹೌದು ಅತ್ತೆ."

ವೆಂಕಮ್ಮ ಬೈಯಲಿಲ್ಲ. ಸೊಪ್ಪಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಅಂದು ಮಧ್ಯಾಹ್ನ ಮಗನ ತಟ್ಟೆಗೆ ಅನ್ನ ಬಡಿಸುವಾಗ ಅವಳ ಕಣ್ಣು ತುಂಬಿತ್ತು. ಭವ್ಯ ಎಲ್ಲ ಹೇಳಿಬಿಟ್ಟಿದ್ದಾಳೆಂದು ಧರ್ಮೇಶನಿಗೆ ಗೊತ್ತಾಗಿಹೋಯಿತು.

ಊಟ ಮುಗಿಸಿ ಕೋಣೆಗೆ ಬಂದು ಕೇಳಿದ. "ಯಾಕೆ ಹೇಳ್ದೆ? ನಾನು ಹೊತ್ಕಂಡಿದ್ನಲ್ಲ."

"ನೀವು ಹೊತ್ಕಂಡಿದ್ದು ಜನರ ಮಾತನ್ನ. ನೋವು ನನ್ ಹತ್ರನೇ ಇತ್ತು."

ಅವನು ಮಂಚದ ಅಂಚಿನಲ್ಲಿ ಕೂತ. ಮಗು ಬೇಕೆಂಬ ಆಸೆ ತನಗೂ ಇತ್ತು ಎಂದು ಅವನು ಹೇಳಲಿಲ್ಲ. ಹೇಳಿದ್ದರೆ ಒಟ್ಟಿಗೆ ಅಳಬಹುದಿತ್ತು ಎಂದು ಅವಳಿಗೆ ಆಮೇಲೆ ಅನಿಸಿತು.

ಅಂದಿನಿಂದಲೇ ಮಾತ್ರೆ ಮತ್ತೆ ಶುರುವಾಯಿತು. ಮೊದಲು ತಲೆಸುತ್ತು, ಮೈ ಊದಿಕೊಂಡಂತೆ. ಬರಬರುತ್ತಾ ನೋವು ಹಿಂದೆ ಸರಿಯಿತು. ವೆಂಕಮ್ಮ ಆಗಾಗ, ಒಂದೆರಡು ತಿಂಗಳು ಬಿಟ್ಟು ನೋಡಬಹುದಲ್ಲ ಎನ್ನುತ್ತಾಳೆ. ಭವ್ಯ ನಗುತ್ತಾಳೆ. ಬಿಟ್ಟು ನೋಡುವ ಯೋಚನೆ ಅವಳಿಗೂ ಬರುತ್ತದೆ, ಬೇರೆಯವರ ಮಗುವಿನ ಅಳತೆ ತೆಗೆಯುವಾಗ. ಟೇಪು ಸುತ್ತಿಟ್ಟು ಮುಂದಿನ ಕೆಲಸಕ್ಕೆ ಹೋಗುತ್ತಾಳೆ.

ಮೊನ್ನೆ ದಾರ, ಲೈನಿಂಗ್ ಬಟ್ಟೆ ತರಲು ಇಬ್ಬರೂ ಬೈಕಿನಲ್ಲಿ ಬಾಳೆಹೊನ್ನೂರಿಗೆ ಹೋಗಿದ್ದರು. ಹೋಟೆಲಿನಲ್ಲಿ ಚಹಾ ಕುಡಿಯುತ್ತಾ ಧರ್ಮೇಶ್ ಲೋಟದೊಳಗೆ ನೋಡಿಕೊಂಡೇ ಕೇಳಿದ.

"ಇವತ್ತು ನೋವು ಎಂತದೂ ಇಲ್ವಾ?"

ಇಷ್ಟು ವರ್ಷಗಳಲ್ಲಿ ಅವನು ಹೀಗೆ ಕೇಳಿದ್ದು ಇದೇ ಮೊದಲು. ಅವಳು ಇಲ್ಲ ಎಂದಳು. ಅವನು ತಲೆಯಾಡಿಸಿದ. ಮುಂದೆ ಏನು ಮಾತಾಡುವುದು ಎಂದು ಇಬ್ಬರಿಗೂ ತಿಳಿಯಲಿಲ್ಲ. ಮದುವೆಯಾದಾಗಿನಿಂದ ಅವರು ಆಡಿದ್ದೆಲ್ಲ ಡಾಕ್ಟರು, ಟೆಸ್ಟು, ಮುಂದಿನ ತಿಂಗಳು ಎಂಬ ಮಾತೇ. ಅದನ್ನು ಬಿಟ್ಟರೆ ಏನಿದೆ ಎಂದು ಅವಳು ಹುಡುಕುತ್ತಾ ಕೂತಳು. ಅವನು ಇನ್ನೊಂದು ಚಹಾ ಹೇಳಿದ.