ಧರ್ಮೇಂದ್ರ ಬೀಸುವ ಶೆಲ್ಲು

ನಾಗಮಂಗಲದ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬು ನೋಡಿಕೊಳ್ಳುವ ಧರ್ಮೇಂದ್ರ ಸಿದ್ಧವಾಗಿ ಸಿಗುವುದನ್ನು ಮುಟ್ಟುವ ಆಸಾಮಿಯಲ್ಲ. ನಾವು ಒತ್ತಿದ ಆಜ್ಞೆಯನ್ನು ಯಂತ್ರಕ್ಕೆ ತಿಳಿಸುವ ಶೆಲ್ ಎಂಬ ತಂತ್ರಾಂಶ ಪುಕ್ಕಟೆಯಾಗಿ, ತಯಾರಾಗಿಯೇ ಸಿಗುತ್ತದೆ. ಇವನು ಮಾತ್ರ ಅದರ ಮೂಲ ಕೋಡು ಇಳಿಸಿಕೊಂಡು, ಏನೋ ತಿದ್ದಿ, ‘ಕಾನ್ಫಿಗರ್’ ಮಾಡಿ, ಅದನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವ ‘ಮೇಕ್’ ಕೊಟ್ಟು, ತನ್ನ ರಾಗಿ ಬೇರೆಯವರ ಹಿಟ್ಟಿಗೆ ಬೆರೆಯದಂತೆ ಮಿಲ್ಲಿನಲ್ಲಿ ಕಾಯುವವರ ಹಾಗೆ ಪರದೆಯ ಮುಂದೆ ಕೂರುತ್ತಾನೆ. ಪ್ರಿನ್ಸಿಪಾಲರು ಕರೆದರೂ “ತಡೀರಿ ಸಾ, ಬೀಸ್ತಾ ಅದೆ” ಎನ್ನುತ್ತಾನೆ. ಇಪ್ಪತ್ತು ಕಂಪ್ಯೂಟರಿಗೂ ಇದೇ ಶಾಸ್ತ್ರ. ಯಾಕಯ್ಯ ಎಂದರೆ “ರುಚಿನೇ ಬ್ಯಾರೆ ಸಾ” ಎಂಬ ಒಂದೇ ಉತ್ತರ. ಮೊನ್ನೆ ಕುತೂಹಲ ತಡೆಯಲಾರದೆ ನಾನೇ ಕೂತು ಮನಸ್ಸಿಗೆ ಬಂದಂತೆ ಒತ್ತಿದೆ. ಇಂಥ ಆಜ್ಞೆಯೇ ಇಲ್ಲವೆಂದು ಇಂಗ್ಲಿಷಿನಲ್ಲಿ ಗದರಬೇಕಿದ್ದ ಪರದೆ “ಗೊತ್ತಾಗ್ನಿಲ್ಲ ಕಣವ್ವ, ನೀನೇನೂ ಕೆಡಿಸ್ನಿಲ್ಲ, ಇನ್ನೊಂದ್ಸತಿ ಯೋಳು” ಎಂದಿತು. ಮೀಸೆ ಹೊತ್ತ ಮೇಷ್ಟ್ರಿಗೆ ‘ಅವ್ವ’ ಯಾಕಯ್ಯ ಎಂದು ನಕ್ಕೆ. ಅವನು ನಗಲಿಲ್ಲ. “ಅಕ್ಕಿಹೆಬ್ಬಾಳಿನ ರಂಜಿತ ಅನ್ನೋ ಹುಡ್ಗಿ ಇತ್ತಲ್ಲ ಸಾ, ಮೊದಲ್ನೇ ದಿನವೇ ಇಂಗ್ಲಿಷ್ ಬಂದುದ್ ನೋಡಿ, ಮಿಷನ್ ಕೆಡಿಸ್ಬುಟ್ಟೆ ಅಂತ ಅತ್ಕಂಡು ಓಗಿದ್ದು ತಿರ್ಗ ಬರ್ನೇ ಇಲ್ಲ. ಆ ಮಗೀಗೆ ಬರ್ದಿದ್ದು. ಇವತ್ತಲ್ಲ ನಾಳೆ ಬಂದ್ರೆ, ಯಾವ್ ಮಿಷನ್ ಮುಂದೆ ಕೂತ್ಕತದೋ ಏನೋ.”